ಹುರಿದ ಬೀಜ, ಹುರಿದ ಅಜ್ಜಿ

ಪತ್ರ: ಮಗಳು ಹೋಮ್‌ಸ್ಟೇ ಕೆಲಸದ ಅರ್ಜಿಯಲ್ಲಿ 'ಐ ಆಮ್ ವೆರಿ ಇಂಟರೆಸ್ಟಿಂಗ್ ಇನ್ ಕಾಫಿ' ಅಂತ ಬರೆದಿದ್ದಳು. ಓದಿದವರು ನಕ್ಕರಂತೆ. ಆಸಕ್ತಿ ಇರುವುದು ಈಗ ತಾನೇ? ಮುಗಿದುಹೋದ ಹಾಗೆ 'ಇಂಟರೆಸ್ಟೆಡ್' ಯಾಕೆ?
– ಓದುಗರೊಬ್ಬರು, ಮೂಡಿಗೆರೆ

ಸಂಪಾದಕರ ಉತ್ತರ:

ಮೇಡಂ, ತಪ್ಪು ಮಗಳದ್ದಕ್ಕಿಂತ ಈ ಕ್ರಿಯಾಪದದ ರೂಪಗಳಿಗೆ ಹೆಸರಿಟ್ಟವರದ್ದೇ ಜಾಸ್ತಿ. 'ಇಂಗ್' ಬಂದರೆ ಪ್ರೆಸೆಂಟ್ ಪಾರ್ಟಿಸಿಪಲ್, 'ಎಡ್' ಬಂದರೆ ಪಾಸ್ಟ್ ಅಂತ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ, ನಾವು ಅದನ್ನು ಇವತ್ತು, ನಿನ್ನೆ ಅಂತ ತಿಳಿದುಕೊಂಡು ಕೂರುತ್ತೇವೆ. ಬೇಲೂರಿನ ಚೆನ್ನಕೇಶವ ಗುಡಿ ಪ್ರತಿಷ್ಠೆ ಆಗಿದ್ದು 1117ರಲ್ಲಿ. ಅಷ್ಟು ಹಳೆಯದು ಅಂತ ಅದು 'ಅಮೇಜ್ಡ್' ಆಗಲ್ಲ, ಇವತ್ತೂ 'ಅಮೇಜಿಂಗ್'. ನಾಳೆ ಹಾಸನದಿಂದ ಬಸ್ ಹತ್ತಿ ಹೋಗಿ ಬಾಯಿ ಬಿಟ್ಟುಕೊಂಡು ನೋಡುವವರು 'ಅಮೇಜ್ಡ್'. ಬೆರಗು ಹುಟ್ಟಿಸುವುದು ಯಾವುದು, ಬೆರಗಾಗುವವರು ಯಾರು, ಅಷ್ಟೇ ಪ್ರಶ್ನೆ.

ನಮಗೆ ಇದು ತೊಡಕಾಗುವುದಕ್ಕೆ ಕನ್ನಡವೂ ಕಾರಣ. 'ಹುರಿದ ಬೀಜ' ಅನ್ನುತ್ತೇವೆ, 'ಬೀಜ ಹುರಿದ ಅಜ್ಜಿ' ಅಂತಲೂ ಅನ್ನುತ್ತೇವೆ. ಅದೇ 'ಹುರಿದ'. ಬಾಣಲೆಯಲ್ಲಿ ಇದ್ದದ್ದು ಯಾವುದು, ಸೌಟು ಹಿಡಿದದ್ದು ಯಾರು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ 'ರೋಸ್ಟೆಡ್ ಬೀನ್ಸ್' ಸರಿ, 'ರೋಸ್ಟೆಡ್ ಗ್ರಾಂಡ್‌ಮದರ್' ಅಂದರೆ ಮನೆಗೆ ಪೊಲೀಸರು ಬರುತ್ತಾರೆ.

ಮನಸ್ಸಿಗೆ ಆಗುವ ವಿಷಯವಾದರೆ ಮಾತ್ರ ಕನ್ನಡವೇ ದಾರಿ ತೋರಿಸುತ್ತದೆ. 'ನನಗೆ ಬೇಜಾರು', 'ಮಗುವಿಗೆ ಭಯ' ಅನ್ನುತ್ತೇವಲ್ಲ, ಆ 'ಗೆ' ಹತ್ತಿಕೊಂಡವರಿಗೆ 'ಎಡ್'. 'ಭಯ ಹುಟ್ಟಿಸುವ', 'ಬೇಜಾರು ಹಿಡಿಸುವ' ಅಂತ 'ಇಸುವ' ಬಂದರೆ 'ಇಂಗ್'. ಮಳೆಗಾಲದ ಚಾರ್ಮಾಡಿ ಘಾಟಿ ಫ್ರೈಟನಿಂಗ್, ಕಿಟಕಿ ಪಕ್ಕ ಕಣ್ಣು ಮುಚ್ಚಿ ಕೂತ ನಾನು ಫ್ರೈಟನ್ಡ್. ನಿಮ್ಮ ಮಗಳಿಗೆ ಆಸಕ್ತಿ, 'ಗೆ' ಇದೆ, ಹಾಗಾಗಿ ಇಂಟರೆಸ್ಟೆಡ್. ನಕ್ಕವರ ಮಾತು ಬಿಡಿ. ನಾನೂ ಒಮ್ಮೆ ಹೊಸ ನೆಂಟರ ಎದುರು, ಬೇಜಾರಾಗುತ್ತಿದೆ ಅನ್ನುವುದಕ್ಕೆ 'ಐ ಆಮ್ ಬೋರಿಂಗ್' ಅಂದಿದ್ದೆ. ಯಾರೂ ಇಲ್ಲ ಇಲ್ಲ ಅನ್ನಲಿಲ್ಲ.

ಹಾಗಂತ ಕಾಲಕ್ಕೆ ಕೆಲಸವೇ ಇಲ್ಲ ಅಂತಲ್ಲ. 'ಫಾಲಿಂಗ್ ಲೀವ್ಸ್' ಇನ್ನೂ ಉದುರುತ್ತಿರುವ ಎಲೆ, 'ಫಾಲನ್ ಲೀವ್ಸ್' ಆಗಲೇ ನೆಲಕ್ಕೆ ಬಿದ್ದದ್ದು. ಎಲೆಯನ್ನು ಯಾರೂ ಬೀಳಿಸಿಲ್ಲ, ಇಲ್ಲಿ ಲೆಕ್ಕ ಕಾಲದ್ದೇ. ನೀರಿನದ್ದೂ ಹೀಗೇ, ಹೋಮ್‌ಸ್ಟೇಯಲ್ಲಿ ಮಗಳಿಗೆ ಬೇಕಾಗುತ್ತದೆ: ಕಾಫಿ ಪುಡಿಯ ಮೇಲೆ ಹುಯ್ಯಲು 'ಬಾಯ್ಲಿಂಗ್ ವಾಟರ್', ರಾತ್ರಿ ಅತಿಥಿ ಕುಡಿಯಲು 'ಬಾಯ್ಲ್ಡ್ ವಾಟರ್' ಕೇಳಿದರೆ ಕುದಿಸಿ ಆರಿಸಿದ್ದು.