ಟಿವಿ ಪಕ್ಕಕ್ಕೆ ಸಣ್ಣ ಕಂಪ್ಯೂಟರ್: ರಿಮೋಟ್ ಯಾರ ಕೈಯಲ್ಲಿರುತ್ತದೆ?

ನೀವು ಕೇಳಿರುವುದು ಇಷ್ಟು: ಮನೆಯಲ್ಲಿ 43 ಇಂಚಿನ 4ಕೆ ಟಿವಿ ಇದೆ, ಪೋರ್ಟಬಲ್ ಹಾರ್ಡ್ ಡಿಸ್ಕಿನ ತುಂಬ ಸಿನಿಮಾ, ಬೀರುವಿನಲ್ಲಿ ಹಳೆಯ ಮದುವೆ ಸಿಡಿಗಳು. ಎಲ್ಲವನ್ನೂ ಟಿವಿಯಲ್ಲೇ ನೋಡುವಂತೆ ಹದಿನೈದು ಸಾವಿರದೊಳಗೆ ಒಂದು ಸಣ್ಣ ಕಂಪ್ಯೂಟರ್ ಜೋಡಿಸಬೇಕು. ಒಂದೇ ಬೋರ್ಡಿನ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಕೊಳ್ಳುವುದೋ, ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೊಳ್ಳುವುದೋ? ಬಳಸುವವರು ಬಹುಪಾಲು ಅಪ್ಪ ಅಮ್ಮ ಎಂಬುದನ್ನು ಕೊನೆಯ ಸಾಲಿನಲ್ಲಿ ಬರೆದಿದ್ದೀರಿ. ನನ್ನ ಮಟ್ಟಿಗೆ ಅದೇ ಮೊದಲ ಸಾಲು.

ಎರಡು ವರ್ಷದ ಹಿಂದೆ ತುಮಕೂರಿನ ನಮ್ಮ ಮನೆಗೆ ಇದೇ ಕೆಲಸ ಮಾಡಿದೆ. ಪ್ರೊಸೆಸರ್ ಯಾವುದಿರಬೇಕೆಂದು ಹದಿನೈದು ದಿನ ತಲೆ ಕೆಡಿಸಿಕೊಂಡೆ. ರಿಮೋಟ್ ಬಗ್ಗೆ ಹದಿನೈದು ನಿಮಿಷವೂ ಯೋಚಿಸಲಿಲ್ಲ. ಯಾವುದೋ ಕಚೇರಿಯಿಂದ ಹೊರಬಿದ್ದ ಮಿನಿ ಪಿಸಿಯೊಂದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂಬತ್ತೂವರೆ ಸಾವಿರಕ್ಕೆ ಕೊಂಡು ತಂದೆ. ದಪ್ಪ ನಿಘಂಟಿನಷ್ಟು ಗಾತ್ರ. ಟಿವಿಗೆ ಜೋಡಿಸಿದೆ, ಸಿನಿಮಾ ಓಡಿತು, ಬೀಗುತ್ತಾ ಅಪ್ಪನ ಕೈಗೆ ವೈರ್‌ಲೆಸ್ ಕೀಬೋರ್ಡ್ ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು, ಹಾರ್ಮೋನಿಯಂ ಕಲಿಯಲು ಕುಳಿತ ಮೊದಲ ದಿನದ ಹುಡುಗನಂತೆ ಒಂದೇ ಬೆರಳಿನಲ್ಲಿ ತಡಕಾಡಿ, "ಇದರಲ್ಲಿ ಸೌಂಡ್ ಕಡಿಮೆ ಮಾಡುವುದು ಎಲ್ಲಪ್ಪ?" ಎಂದರು. ಮೂರನೆಯ ದಿನಕ್ಕೆ ಅವರು ಧಾರಾವಾಹಿಗೆ ಮರಳಿದ್ದರು. ನನ್ನ ಪೆಟ್ಟಿಗೆಯ ಮೇಲೆ ಅಮ್ಮ ಹೂದಾನಿ ಇಟ್ಟಿದ್ದರು.

ಅಂದು ನನಗೆ ಗೊತ್ತಿರಬೇಕಾಗಿದ್ದ ಸಂಗತಿಯ ಹೆಸರು ಸಿಇಸಿ. ಎಚ್‌ಡಿಎಂಐ ಕೇಬಲ್ಲಿನೊಳಗಿನ ಒಂದು ತಂತಿಯ ಮೂಲಕ ಟಿವಿಯು ತನ್ನ ರಿಮೋಟಿನ ಗುಂಡಿಗಳನ್ನು ಜೋಡಿಸಿದ ಯಂತ್ರಕ್ಕೂ ದಾಟಿಸುತ್ತದೆ. ಅಂದರೆ ಟಿವಿಯ ರಿಮೋಟಿನಲ್ಲೇ ಸಿನಿಮಾ ಹುಡುಕಬಹುದು, ನಿಲ್ಲಿಸಬಹುದು, ಮುಂದಕ್ಕೆ ಓಡಿಸಬಹುದು. ರಾಸ್ಪ್‌ಬೆರಿ ಪೈಯಲ್ಲಿ ಇದು ಹುಟ್ಟಿನಿಂದಲೇ ಇದೆ. ಕಚೇರಿಗಾಗಿ ತಯಾರಾದ ಮಿನಿ ಪಿಸಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟಿವಿ ಕಂಪನಿಗಳು ಮಾತ್ರ ಇದಕ್ಕೆ ಒಬ್ಬೊಬ್ಬರು ಒಂದೊಂದು ನಾಮಕರಣ ಮಾಡಿದ್ದಾರೆ: ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆನ್ ಮಾಡಿ. ಎಷ್ಟೋ ಮನೆಗಳಲ್ಲಿ ಅದು ಆಫ್ ಆಗಿಯೇ ಇರುತ್ತದೆ.

ಆದ್ದರಿಂದ ನಿಮಗೆ ನನ್ನ ಸಲಹೆ ರಾಸ್ಪ್‌ಬೆರಿ ಪೈ 4, 2 ಜಿಬಿ. ಎಚ್.264, ಎಚ್.265 ಎಂಬುವು ವಿಡಿಯೊವನ್ನು ಕುಗ್ಗಿಸಿಡುವ ವಿಧಾನಗಳು; ಓಡಿಸುವಾಗ ಅದನ್ನು ಮತ್ತೆ ಬಿಡಿಸಬೇಕು. 2019ರ ಯಂತ್ರವಾದರೂ ಎಚ್.265 ವಿಡಿಯೊವನ್ನು 4ಕೆ ಗುಣಮಟ್ಟದಲ್ಲಿ, ಎಚ್.264 ವಿಡಿಯೊವನ್ನು ಫುಲ್ ಎಚ್‌ಡಿಯಲ್ಲಿ ಪ್ರತ್ಯೇಕ ಯಂತ್ರಾಂಶದಿಂದಲೇ ಬಿಡಿಸುತ್ತದೆ. ಪೈ 5 ವೇಗದ್ದು, ನಿಜ. ಆದರೆ ಅದರಲ್ಲಿ ಎಚ್.264 ಬಿಡಿಸುವ ಯಂತ್ರಾಂಶವನ್ನೇ ಕೈಬಿಟ್ಟು ಕೆಲಸವನ್ನು ಪ್ರೊಸೆಸರ್‌ಗೆ ವಹಿಸಿದ್ದಾರೆ. ಫುಲ್ ಎಚ್‌ಡಿ ವಿಡಿಯೊವನ್ನು ಅದು ಸಲೀಸಾಗಿ ಓಡಿಸುತ್ತದೆ, ಆದರೂ ಸಿನಿಮಾ ನೋಡುವುದಕ್ಕಷ್ಟೇ ಆದರೆ ಹೆಚ್ಚಿನ ದುಡ್ಡು ದಂಡ. ಒಂದು ಎಚ್ಚರಿಕೆ: ಮನೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರ್ ಸಿಕ್ಕಿಸಿ ಉಳಿತಾಯ ಮಾಡಲು ಹೋಗಬೇಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಹಾರ್ಡ್ ಡಿಸ್ಕ್ ತಿರುಗತೊಡಗಿದ ಕೂಡಲೇ ಕರೆಂಟ್ ಸಾಲದೆ ಪರದೆಯ ಮೂಲೆಯಲ್ಲಿ ಮಿಂಚಿನ ಚಿಹ್ನೆ ಬರುತ್ತದೆ. ಕೇಬಲ್ಲೂ ಬೇರೆ, ಪೈ ಕಡೆ ಮೈಕ್ರೊ ಎಚ್‌ಡಿಎಂಐ. ಇರುವ ಎರಡು ಪೋರ್ಟುಗಳಲ್ಲಿ ಚಾರ್ಜರ್‌ಗೆ ಹತ್ತಿರದ್ದನ್ನೇ ಬಳಸಿ.

ಮಿನಿ ಪಿಸಿಯೇ ಬೇಕು, ಪ್ರಿಂಟ್ ತೆಗೆಯಬೇಕು, ಅರ್ಜಿ ತುಂಬಬೇಕು ಎಂದಾದರೆ ಇಂಟೆಲ್ ಪ್ರೊಸೆಸರಿನ 7ನೇ ಪೀಳಿಗೆಗಿಂತ ಕೆಳಗಿನದನ್ನು ಮುಟ್ಟಬೇಡಿ. 6ನೆಯದರ ಯಂತ್ರಾಂಶ ಬಿಡಿಸುವುದು 8 ಬಿಟ್ (ಬಣ್ಣದ ಸೂಕ್ಷ್ಮತೆಯ ಅಳತೆ) ಎಚ್.265ವರೆಗೆ ಮಾತ್ರ; 4ಕೆ ಸಿನಿಮಾಗಳು ಬಹುಪಾಲು 10 ಬಿಟ್. ನಾನು ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು 6ನೆಯದೇ. ನಮ್ಮ ಫುಲ್ ಎಚ್‌ಡಿ ಟಿವಿಗೆ ಹೇಗೋ ನಡೆಯುತ್ತಿದೆ. ಹಳೆಯ ಪೆಟ್ಟಿಗೆಗಳ ಇನ್ನೊಂದು ಕಾಟ ಫ್ಯಾನ್. ಸಿನಿಮಾದಲ್ಲಿ ಮೌನ ಕವಿಯುವ ಹೊತ್ತಿಗೆ ಸರಿಯಾಗಿ ನಮ್ಮದು ಗಿರಣಿಯಂತೆ ಸದ್ದು ಮಾಡುತ್ತಿತ್ತು. ಬಿಚ್ಚಿ ನೋಡಿದರೆ ಫ್ಯಾನಿನ ಹಿಂದಿನ ಜಾಲರಿಗೆ ಹತ್ತಿಯ ಹಾಸಿನಂತೆ ಧೂಳು ಮೆತ್ತಿಕೊಂಡಿತ್ತು. ಪ್ರೊಸೆಸರ್ ಮೇಲಿನ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಪೇಂಟ್ ಬ್ರಷ್‌ನಿಂದ ಗುಡಿಸಿ, ಹೊಸ ಪೇಸ್ಟ್ ಹಚ್ಚಿದ ಮೇಲೆ ಸದ್ದು ಅಡಗಿತು. ರಿಮೋಟಿಗಾಗಿ ಯುಎಸ್‌ಬಿ ಡಾಂಗಲ್ ಇರುವ ಒಂದನ್ನು ಏಳುನೂರು ರೂಪಾಯಿಗೆ ತಂದೆ. ಡಾಂಗಲನ್ನು ಪೆಟ್ಟಿಗೆಯ ಹಿಂದೆ ಸಿಕ್ಕಿಸಿದರೆ ಲೋಹದ ಅಡ್ಡಿಗೆ ಗುಂಡಿ ಎರಡು ಸಲ ಒತ್ತಬೇಕಾಗುತ್ತಿತ್ತು. ಗೇಣುದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಟಿವಿಯ ಅಂಚಿಗೆ ತಂದ ಮೇಲೆ ಸರಿಹೋಯಿತು.

ತಂತ್ರಾಂಶದ ವಿಷಯದಲ್ಲಿ ಹೆಚ್ಚು ಹುಡುಕಬೇಕಿಲ್ಲ: ಲಿಬ್ರೆಎಲೆಕ್. ಉಚಿತ, ಆನ್ ಮಾಡಿದರೆ ನೇರವಾಗಿ ಕೋಡಿಗೆ ಹೋಗುತ್ತದೆ. (ಕೆರೆಯ ಕೋಡಿಯಲ್ಲ, ಎಕ್ಸ್‌ಬಾಕ್ಸ್ ಆಟದ ಯಂತ್ರಕ್ಕೆಂದು ಹುಟ್ಟಿ, 2014ರಲ್ಲಿ ಈ ಹೆಸರು ಪಡೆದ, ಸಿನಿಮಾ ಓಡಿಸುವ ತಂತ್ರಾಂಶ.) ಪೈಯಲ್ಲಿ ಮೆಮೊರಿ ಕಾರ್ಡಿಗೆ ಬರೆದು ಸಿಕ್ಕಿಸಿದರೆ ಆಯಿತು. ಮಿನಿ ಪಿಸಿಯಲ್ಲಿ ಸ್ಥಾಪಿಸುವಾಗ ಡಿಸ್ಕನ್ನು ಪೂರ್ತಿ ಅಳಿಸುತ್ತದೆ, ನೆನಪಿರಲಿ. ಇದರಲ್ಲಿ ಬ್ರೌಸರ್ ಇಲ್ಲ, ಚಂದಾದಾರಿಕೆಯ ಓಟಿಟಿಗಳನ್ನು ಇದರಲ್ಲಿ ನೋಡಲು ಹೊರಡಬೇಡಿ. ನಕಲು ತಡೆಯುವ ಬೀಗಗಳಿಂದಾಗಿ ಕಂಪ್ಯೂಟರಿನಲ್ಲಿ ಅವುಗಳ ಚಿತ್ರ ಎಷ್ಟೋ ಸಲ ಕಡಿಮೆ ಗುಣಮಟ್ಟದ್ದೇ ಬರುತ್ತದೆ. ಅವನ್ನು ಟಿವಿಯ ಆಪ್‌ಗಳಿಗೇ ಬಿಡಿ.

ಕೋಡಿಯಲ್ಲಿ ಎರಡು ಸೆಟ್ಟಿಂಗ್ ಮಾತ್ರ ತಪ್ಪದೆ ಬದಲಿಸಿ. ಬೇರೆ ಸ್ಪೀಕರ್ ಇಲ್ಲದಿದ್ದರೆ ಆಡಿಯೊ ಚಾನೆಲ್‌ಗಳನ್ನು 2.0 (ಅಂದರೆ ಎಡ, ಬಲ ಎರಡೇ) ಮಾಡಿ, ಇಲ್ಲವಾದರೆ ಹಾಡು ಅಬ್ಬರಿಸಿ ಮಾತು ಪಿಸುಗುಡಬಹುದು. ಇನ್ನೊಂದು, ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಪರದೆಯ ರಿಫ್ರೆಶ್ ರೇಟ್ ವಿಡಿಯೊಗೆ ಹೊಂದಿಕೊಳ್ಳುವಂತೆ ಮಾಡಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಟಿವಿ 60 ಸಲ ತೋರಿಸುತ್ತದೆ. 60 ಅನ್ನು 24 ನಿಶ್ಶೇಷವಾಗಿ ಭಾಗಿಸುವುದಿಲ್ಲ, ಹಾಗಾಗಿ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ. ಕ್ಯಾಮೆರಾ ನಿಧಾನವಾಗಿ ತಿರುಗುವ ದೃಶ್ಯದಲ್ಲಿ ಕುಂಟಿದಂತೆ ಕಾಣುವುದು ಅದಕ್ಕೇ.

ಈಗ ಮದುವೆ ಸಿಡಿ. ಈ ಪೆಟ್ಟಿಗೆಗೆ ನಮ್ಮ ಮನೆಯಲ್ಲಿ ಜೀವ ಬಂದದ್ದೇ ಇದರಿಂದ. 2001ರಲ್ಲಿ ಅಕ್ಕನ ಮದುವೆಯ ಕ್ಯಾಸೆಟ್ಟನ್ನು ಸ್ಟುಡಿಯೊದವರು ಮೂರು ವಿಸಿಡಿ ಮಾಡಿಕೊಟ್ಟಿದ್ದರು. ಡಿವಿಡಿ ಡ್ರೈವ್ ಇರುವ ವಿಂಡೋಸ್ ಕಂಪ್ಯೂಟರಿನಲ್ಲಿ ಸಿಡಿ ಹಾಕಿದರೆ ಎಂಪಿಇಜಿಎವಿ (MPEGAV) ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ಡ್ಯಾಟ್ (.DAT) ಫೈಲೇ ಇಡೀ ಮದುವೆ. ನಕಲು ಮಾಡಿಕೊಂಡು ಹೆಸರಿನ ಬಾಲವನ್ನು ಎಂಪಿಜಿ (.mpg) ಎಂದು ಬದಲಿಸಿದರೆ ಸಾಕು. ಲಿನಕ್ಸ್‌ನಲ್ಲಿ ಹೀಗೆ ನೇರವಾಗಿ ನಕಲು ಮಾಡಲು ಹೋದರೆ ದೋಷ ಬರುತ್ತದೆ. ವಿಸಿಡಿಯ ವಿಡಿಯೊ ಭಾಗವನ್ನು ಮಾಮೂಲಿ ಫೈಲಿನಂತೆ ಬರೆದಿರುವುದಿಲ್ಲ. ಗೀರು ಬಿದ್ದ ಎರಡನೆಯ ಸಿಡಿ ನನ್ನ ಡ್ರೈವಿನಲ್ಲಿ ಓದಲೇ ಇಲ್ಲ, ಸ್ನೇಹಿತನ ಹಳೆಯ ಡೆಸ್ಕ್‌ಟಾಪ್ ಅದನ್ನು ಒಂದೇ ಸಲಕ್ಕೆ ಓದಿತು. ನಾಲ್ಕು ಡ್ರೈವ್ ಪ್ರಯತ್ನಿಸದೆ ಯಾವ ಸಿಡಿಯನ್ನೂ ಎಸೆಯಬೇಡಿ.

ಚಿತ್ರದ ಗುಣಮಟ್ಟದ ಬಗ್ಗೆ ಆಸೆ ಬೇಡ. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದದ ಚುಕ್ಕೆಗಳದ್ದು. ಫುಲ್ ಎಚ್‌ಡಿ ಪರದೆಯಲ್ಲಿ ಅದರ ಇಪ್ಪತ್ತು ಪಟ್ಟು ಚುಕ್ಕೆಗಳಿವೆ. ಮಂಜು ಮಂಜಾಗಿಯೇ ಕಾಣುತ್ತದೆ. ಎರಡೂ ಬದಿಯ ಕಪ್ಪು ಪಟ್ಟಿ ಅಮ್ಮನಿಗೆ ಹಿಡಿಸದೆ ಪರದೆ ತುಂಬುವಂತೆ ಎಳೆಸಿದರು. ಚಿಕ್ಕಮ್ಮ ಬಂದಾಗ ತಾನು ಅಷ್ಟು ದಪ್ಪ ಇದ್ದೆನೇ ಎಂದು ಮುನಿಸಿಕೊಂಡ ಮೇಲೆ ಕಪ್ಪು ಪಟ್ಟಿ ವಾಪಸ್ ಬಂತು.

ಒಂದು ತಮಾಷೆಯೂ ಆಯಿತು. ಕೋಡಿಯು ಫೈಲಿನ ಅಥವಾ ಫೋಲ್ಡರಿನ ಹೆಸರು ನೋಡಿ ಅಂತರ್ಜಾಲದಿಂದ ಪೋಸ್ಟರ್ ತರುತ್ತದೆ. ಸಿನಿಮಾಗಳಿಗೆ ಅದು ಚೆಂದ, ಹೆಸರಿನ ನಂತರ ಆವರಣದಲ್ಲಿ ಬಿಡುಗಡೆಯ ವರ್ಷ ಹಾಕಿದರೆ ಒಂದೇ ಹೆಸರಿನ ಎರಡು ಚಿತ್ರಗಳು ಗೊಂದಲವಾಗುವುದಿಲ್ಲ. ಆದರೆ ಅಕ್ಕನ ಮದುವೆಗೆ ಅದು ಯಾವುದೋ ಇಂಗ್ಲಿಷ್ ಭೂತದ ಸಿನಿಮಾದ ಪೋಸ್ಟರ್ ಅಂಟಿಸಿತ್ತು. ಭಾವ ಇನ್ನೂ ಅದನ್ನು ಹೇಳಿ ನಗುತ್ತಾರೆ. ಮನೆಯ ವಿಡಿಯೊಗಳ ಫೋಲ್ಡರಿಗೆ ಮಾಹಿತಿ ತರಿಸುವ ಆಯ್ಕೆಯನ್ನು 'ನನ್' (None, ಏನೂ ಬೇಡ) ಎಂದೇ ಇಡಿ.

ಕರೆಂಟಿನ ಮಾತು. ನಮ್ಮಲ್ಲಿ ದಿನಕ್ಕೆರಡು ಸಲ ಹೋಗುತ್ತದೆ. ಪೈ 4ಕ್ಕೆ ಸ್ವಿಚ್ಚೇ ಇಲ್ಲ, ಕರೆಂಟ್ ಬಂದಾಗ ತಾನೇ ಏಳುತ್ತದೆ. ಆದರೆ ಮೆಮೊರಿ ಕಾರ್ಡಿಗೆ ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡ್ ಕೆಡಬಹುದು. ಇನ್ವರ್ಟರ್ ಇರುವ ಪಾಯಿಂಟಿಗೇ ಸಿಕ್ಕಿಸಿ. ಮಿನಿ ಪಿಸಿಯಾದರೆ ಬಯಾಸ್‌ನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್) ಕರೆಂಟ್ ಮರಳಿದಾಗ ತಾನೇ ಆನ್ ಆಗುವ ಆಯ್ಕೆ ಇರುತ್ತದೆ. ಹಳೆಯ ದೊಡ್ಡ ಡೆಸ್ಕ್‌ಟಾಪನ್ನು ಮಾತ್ರ ಇದಕ್ಕೆ ಹೂಡಬೇಡಿ: 60 ವ್ಯಾಟ್ ಎಳೆಯುವ ಪೆಟ್ಟಿಗೆ ಹಗಲಿರುಳು ಆನ್ ಇದ್ದರೆ ತಿಂಗಳಿಗೆ 43 ಯೂನಿಟ್.

ಕೊಳ್ಳುವ ಮೊದಲು ಟಿವಿಯ ರಿಮೋಟ್ ಮತ್ತು ಅದರ ಹಿಂಭಾಗದ ಪೋರ್ಟುಗಳ ಫೋಟೊ ಇಲ್ಲಿ ಹಾಕಿ. ಯಾವ ಪೋರ್ಟಿಗೆ ಯಾವ ಕೇಬಲ್ ಎಂದು ಬರೆದು ತಿಳಿಸುತ್ತೇನೆ.