ಪ್ರೊನೋಟಿನ ಮೂರು ವರ್ಷ ಯಾವಾಗಿನಿಂದ?

ಪ್ರಶ್ನೆ: ಮುಂಬೈನ ಗೋರೆಗಾಂವ್‌ನಲ್ಲಿ ಹೋಟೆಲ್ ನಡೆಸುವ ಪರಿಚಯದವರಿಗೆ ಬ್ಯಾಂಕ್ ಮೂಲಕ 5 ಲಕ್ಷ ರೂ. ಕೈಸಾಲ ಕೊಟ್ಟು, 'ಕೇಳಿದಾಗ ಕೊಡುತ್ತೇನೆ' ಎಂದು ಪ್ರೊನೋಟ್ ಬರೆಸಿಕೊಂಡಿದ್ದೇನೆ. ಮೂರು ವರ್ಷ ತುಂಬಲು ಎರಡು ತಿಂಗಳಿದೆ. ಹಣ ಕೇಳಿದ್ದೇ ಈ ವರ್ಷ; 'ದೀಪಾವಳಿ ಕಳೆಯಲಿ' ಅನ್ನುತ್ತಾರೆ. ನಡುವೆ ಗೂಗಲ್ ಪೇಯಲ್ಲಿ 20,000 ಹಾಕಿದ್ದರು. ಅವರ ಫ್ಲಾಟಿಗೆ ಹೌಸಿಂಗ್ ಸೊಸೈಟಿ ಕೊಟ್ಟ ಶೇರ್ ಸರ್ಟಿಫಿಕೇಟ್ ನನ್ನಲ್ಲಿದೆ. ಕಾಯಬಹುದೇ?
— ಓದುಗರು, ಮಲಾಡ್

ಉತ್ತರ: ದಯವಿಟ್ಟು ಕಾಯಬೇಡಿ. ಇಂಥ ನೋಟಿನ ಮೇಲೆ ದಾವೆ ಹೂಡಲು ಇರುವ ಮೂರು ವರ್ಷದ ಕಾಲಮಿತಿ ಶುರುವಾಗುವುದು ನೀವು ಹಣ ಕೇಳಿದ ದಿನದಿಂದಲ್ಲ, ನೋಟಿನ ಮೇಲಿನ ತಾರೀಖಿನಿಂದ. ಎಷ್ಟೋ ಜನ ಒಳ್ಳೆಯತನಕ್ಕೆ ಸುಮ್ಮನಿದ್ದು ಇಲ್ಲೇ ದುಡ್ಡು ಕಳೆದುಕೊಳ್ಳುತ್ತಾರೆ.

ಅವರು ನಿಜಕ್ಕೂ ಕೊಡುವವರಾದರೆ ಈ ವಾರವೇ ಹೀಗೆ ಬರೆದುಕೊಡಲು ಕೇಳಿ: 'ಇಂಥ ದಿನದ ಪ್ರೊನೋಟಿನ ಬಾಬ್ತು ಇಷ್ಟು ರೂಪಾಯಿ ಇಂದಿಗೂ ಬಾಕಿ ಇದೆ.' ಕೆಳಗೆ ತಾರೀಖು, ಅವರ ಸಹಿ. ಮೂರು ವರ್ಷ ತುಂಬುವ ಮೊದಲೇ ಈ ಸಹಿ ಬಿದ್ದರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ಬಾಯಿಮಾತಿಗೆ ಆ ಬಲವಿಲ್ಲ. ಭಾಗಶಃ ಪಾವತಿಯಿಂದಲೂ ಅವಧಿ ಹೊಸದಾಗುತ್ತದೆ, ಆದರೆ ಆ ಪಾವತಿಗೆ ಹಣ ಕಟ್ಟಿದವರ ಕೈಬರಹವೋ ಸಹಿಯೋ ಬೇಕು. ಬರೀ ಗೂಗಲ್ ಪೇ ದಾಖಲೆಯನ್ನು ನಂಬಿ ಕೂರಬೇಡಿ.

ಈಗಲೇ ನೋಟನ್ನು ಬೆಳಕಿಗೆ ಹಿಡಿದು ನೋಡಿ. ರೆವಿನ್ಯೂ ಸ್ಟ್ಯಾಂಪ್ ಇದೆಯೇ? ಸಹಿ ಸ್ಟ್ಯಾಂಪಿನ ಮೇಲೆ ಹಾದು ಕಾಗದಕ್ಕೂ ಇಳಿದಿದೆಯೇ? ಹೀಗೆ ಮತ್ತೆ ಬಳಸಲಾಗದಂತೆ ಸ್ಟ್ಯಾಂಪ್ ರದ್ದಾಗದಿದ್ದರೆ ನೋಟಿಗೆ ಸ್ಟ್ಯಾಂಪೇ ಇಲ್ಲ ಎಂದು ಕಾನೂನು ಎಣಿಸುತ್ತದೆ. ಬೇರೆ ದಸ್ತಾವೇಜುಗಳಂತೆ ದಂಡ ಕಟ್ಟಿ ಪ್ರೊನೋಟನ್ನು ಸರಿಪಡಿಸಲಾಗದು. ಆಗ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟು, ಕೊಟ್ಟ ಸಾಲದ ಆಧಾರದ ಮೇಲೆಯೇ ದಾವೆ ಹೂಡಬೇಕಾಗುತ್ತದೆ.

ಸಹಿ ಸಿಗದಿದ್ದರೆ ವಕೀಲರ ನೋಟಿಸ್ ಕಳಿಸಿ. ಆದರೆ ನೋಟಿಸಿನಿಂದ ಕಾಲಮಿತಿ ನಿಲ್ಲದು, ದಾವೆಯೇ ದಾಖಲಾಗಬೇಕು. ದಿಂಡೋಶಿಯ ಸಿಟಿ ಸಿವಿಲ್ ಕೋರ್ಟಿನಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 37ರಡಿ ಸಮರಿ ಸೂಟ್ (ಬೇಗ ಇತ್ಯರ್ಥವಾಗಲೆಂದಿರುವ ಸಂಕ್ಷಿಪ್ತ ದಾವೆ) ಹಾಕಿಸಿ. ಸಮನ್ಸ್ ತಲುಪಿದ 10 ದಿನದೊಳಗೆ ಪ್ರತಿವಾದಿ ಹಾಜರಾಗಬೇಕು, ವಾದಿಸಲು ಕೋರ್ಟಿನ ಅನುಮತಿಯನ್ನೂ ಪಡೆಯಬೇಕು. ನೋಟಿನಲ್ಲಿ ಬಡ್ಡಿದರ ಬರೆದಿಲ್ಲವೇ? ಕಾನೂನೇ ವರ್ಷಕ್ಕೆ ಶೇ. 18 ಎಂದಿದೆ. ನೀವು ಲೈಸೆನ್ಸಿಲ್ಲದೆ ಬಡ್ಡಿ ವ್ಯವಹಾರ ನಡೆಸುವವರು ಎಂಬ ತಕರಾರು ಬರಬಹುದು. ಒಬ್ಬ ಪರಿಚಿತರಿಗೆ ಒಮ್ಮೆ ಕೊಟ್ಟ ಕೈಸಾಲ ಅಂಥ ವ್ಯವಹಾರವಲ್ಲ.

ಇನ್ನು ಶೇರ್ ಸರ್ಟಿಫಿಕೇಟ್. ಅದು ಕೈಯಲ್ಲಿದ್ದ ಮಾತ್ರಕ್ಕೆ ಫ್ಲಾಟ್ ಅಡಮಾನವಾಗದು. ಸಾಲಕ್ಕೆ ಭದ್ರತೆಯೆಂಬ ಉದ್ದೇಶದಿಂದಲೇ ಮೂಲ ಹಕ್ಕುಪತ್ರ, ಮುಖ್ಯವಾಗಿ ನೋಂದಾಯಿತ ಖರೀದಿ ಕರಾರು, ಒಪ್ಪಿಸಿರಬೇಕು. ಮಹಾರಾಷ್ಟ್ರದಲ್ಲಿ 30 ದಿನದೊಳಗೆ ಸಬ್ ರಿಜಿಸ್ಟ್ರಾರ್‌ಗೆ ಅದರ ಸೂಚನೆಯನ್ನೂ ಸಲ್ಲಿಸಿರಬೇಕು. ಅಡಮಾನದ ದಾವೆಗಿರುವ 12 ವರ್ಷ ನಿಮಗೂ ಉಂಟೆಂದು ಭಾವಿಸದೆ, ನೋಟಿನ ತಾರೀಖನ್ನೇ ಹಿಡಿದು ಮುಂದುವರಿಯಿರಿ.