ಅವಳ ವೀಣೆ ನಾನು ಮುಟ್ಟಬಹುದೇ?

ಪ್ರಶ್ನೆ: ನನಗೆ 63. ನಿವೃತ್ತ, ಬೆಂಗಳೂರಿನ ಹನುಮಂತನಗರದಲ್ಲಿ ವಾಸ. ನನ್ನ ಹೆಂಡತಿ ಮನೆಯಲ್ಲೇ ಮಕ್ಕಳಿಗೆ ವೀಣೆ ಹೇಳಿಕೊಡುತ್ತಿದ್ದಳು. ತೀರಿಕೊಂಡು ಒಂದೂವರೆ ವರ್ಷವಾಯಿತು. ಈ ಸಲ ರಾಮನವಮಿಗೆ ಸ್ನೇಹಿತರು ಬಲವಂತವಾಗಿ ಕೋಟೆ ಹೈಸ್ಕೂಲ್ ಮೈದಾನದ ಸಂಗೀತ ಕಚೇರಿಗೆ ಕರೆದುಕೊಂಡು ಹೋದರು. ತನಿ ಆವರ್ತನದ (ಮೃದಂಗ ಮುಂತಾದ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಹೊತ್ತಿಗೆ ಮೈಮರೆತು ತಾಳ ಹಾಕುತ್ತಿದ್ದೆ. ಮನೆಗೆ ಬಂದು ಬೀಗ ತೆಗೆಯುವಾಗ ನಾಚಿಕೆಯಾಯಿತು. ಈಗ ಅವಳ ವೀಣೆಯಲ್ಲೇ ಕಲಿಯುವ ಆಸೆ. ಮಗಳು 'ಅದು ಅಮ್ಮನದು, ಮುಟ್ಟಬೇಡಪ್ಪ' ಅನ್ನುತ್ತಾಳೆ. ಏನು ಮಾಡಲಿ?

ಉತ್ತರ: ಸರ್, ಮೊದಲು ಆ ನಾಚಿಕೆ ಬಿಡಿ. 1939ರಿಂದ ನಡೆದುಬಂದ ಕಚೇರಿಗಳವು. ಜೊತೆಗಾರರನ್ನು ಕಳೆದುಕೊಂಡು ಒಬ್ಬರೇ ಬಂದು ಕೂತವರು ಅಲ್ಲಿ ಎಷ್ಟು ಮಂದಿಯೋ. ಇನ್ನು, ನಿಮಗೆ ತಾಳ ಬಂದಿದ್ದಾದರೂ ಎಲ್ಲಿಂದ? ಹಾಲ್‌ನಲ್ಲಿ ಕೂತು ಪೇಪರ್ ಓದುತ್ತಾ, ಒಳಗೆ ನಿಮ್ಮ ಹೆಂಡತಿ ಮಕ್ಕಳಿಗೆ ಹೇಳಿಕೊಡುವುದನ್ನು ಕೇಳಿ ಕೇಳಿಯೇ ಇರಬೇಕು. ಅದು ಅವರೇ ಕೊಟ್ಟಿದ್ದು.

ಮಗಳ ಮೇಲೆ ಬೇಸರ ಬೇಡ. ಅವಳ ಕಿವಿಯಲ್ಲಿ ಆ ವೀಣೆಯ ಕೊನೆಯ ನಾದ ಅಮ್ಮನದು. ಅದರ ಮೇಲೆ ಬೇರೆ ಕೈಯ ತಡವರಿಕೆ ಬೀಳುವುದನ್ನು ಅವಳಿನ್ನೂ ತಾಳಲಾರಳು. ಹಾಗಾಗಿ ಅವಳಿಗೆ ಹೇಳದೆ ಗವಸು ಬಿಚ್ಚಬೇಡಿ. 'ವೀಣೆ ರಿಪೇರಿಗೆ ಕೊಡಬೇಕು, ಜೊತೆಗೆ ಬರ್ತೀಯಾ' ಅಂತ ಕೇಳಿ. ಇದು ಬರೀ ನೆಪವಲ್ಲ. ಇಷ್ಟು ದಿನ ನುಡಿಸದೆ ಇಟ್ಟರೆ ತಂತಿ ತುಕ್ಕು ಹಿಡಿಯುತ್ತದೆ. ತಂತಿಯ ಕೆಳಗಿನ 24 ಮೆಟ್ಟಿಲುಗಳನ್ನು (ಸ್ವರಸ್ಥಾನದ ಲೋಹದ ಪಟ್ಟಿಗಳು) ಹಿಡಿದಿಟ್ಟಿರುವ ಮೇಣ ಸೆಕೆಗೆ ಸಡಿಲಾಗಿದ್ದರೆ ಮೇಳ ಕಟ್ಟಿಸಬೇಕು, ಅಂದರೆ ಮೇಣ ಹಾಕಿ ಅವನ್ನು ಸ್ವರಕ್ಕೆ ಸರಿಯಾಗಿ ಮತ್ತೆ ಕೂರಿಸಬೇಕು. ನುಡಿಸುವ 4, ತಾಳದ 3, ಏಳೂ ತಂತಿ ಹೊಸದು ಹಾಕಿಸಿ. ಹಳೆಯವನ್ನು ಎಸೆಯದೆ ಸುರುಳಿ ಸುತ್ತಿ ಮಗಳ ಕೈಗೆ ಕೊಡಿ. ಅಮ್ಮ ನುಡಿಸಿದ್ದು ಆ ತಂತಿಗಳನ್ನೇ ಅಲ್ಲವೇ.

ಅಷ್ಟಾದರೂ ಅವಳು ಬೇಡವೆಂದರೆ ಕೆಲವು ತಿಂಗಳು ಗುರುಗಳ ಮನೆಯ ವೀಣೆಯಲ್ಲಿ ಕಲಿಯಿರಿ. ಕಲಿಯುವುದನ್ನು ಮಾತ್ರ ಮುಂದಕ್ಕೆ ಹಾಕಬೇಡಿ.

ಪಾಠ ಶುರುವಾಗುವುದು ಮಾಯಾಮಾಳವಗೌಳ ರಾಗದ ಸರಳೆ ವರಸೆಯಿಂದ (ಮೊದಲ ಸ್ವರಾಭ್ಯಾಸ), ನಿಮ್ಮ ಮನೆಯ ಗೋಡೆಗಳಿಗೂ ಬಾಯಿಪಾಠವಾಗಿರುವ ಅದೇ ಸ ರಿ ಗ ಮ. ಒಂದೊಂದು ದಿನ ಅರ್ಧಕ್ಕೇ ಅಳು ಬರಬಹುದು. ಬಂದರೆ ಅತ್ತುಬಿಡಿ, ಮಾರನೆಯ ದಿನ ಮತ್ತೆ ಕೂರಿ. ಮೊದಮೊದಲು ಎಡಗೈಯ ತೋರುಬೆರಳು, ನಡುಬೆರಳಿನ ತುದಿ ಉರಿಯುತ್ತದೆ. ಚೂರು ಕೊಬ್ಬರಿ ಎಣ್ಣೆ ಸವರಿಕೊಳ್ಳಿ. ಆಮೇಲೆ ತಂತಿ ಕೊರೆದು ಅಲ್ಲೊಂದು ಗೆರೆ ಬೀಳುತ್ತದೆ. ಅವರ ಬೆರಳಲ್ಲಿ ಅದನ್ನು ನೀವು ನೋಡಿಯೇ ಇರುತ್ತೀರಿ.